ಲಸಿಕೆಯ ದಿನ ರಾಸುಗಳು ಮನೆಯಲ್ಲಿರಲಿ

ಕಾಲುಬಾಯಿ ಜ್ವರ ಬಾರದಂತೆ ಪಶುಪಾಲನಾ ಇಲಾಖೆಯವರು ಆರು ತಿಂಗಳಿಗೊಮ್ಮೆ ಊರೂರಿಗೆ ಬಂದು ಉಚಿತವಾಗಿ ಲಸಿಕೆ ಹಾಕುತ್ತಾರೆ. ಇದು ಬಹುಮಟ್ಟಿಗೆ ಎಲ್ಲ ರೈತರಿಗೂ ತಿಳಿದಿರುವ ಸಂಗತಿ. ಹೀಗಿದ್ದರೂ ಅನೇಕ ಊರುಗಳಲ್ಲಿ ನಾಲ್ಕಾರು ಮನೆಗಳ ದನಕರುಗಳು ಲಸಿಕೆಯಿಂದ ತಪ್ಪಿಹೋಗುತ್ತವೆ. ಕೆಲವು ಸಲ ಮನೆಯವರೇ ಬೇಡವೆನ್ನುತ್ತಾರೆ. ಕೆಲವು ಸಲ ತಂಡ ಬರುವ ವೇಳೆಗೆ ದನಗಳು ಮೇಯಲು ಹೋಗಿರುತ್ತವೆ. ಈ ನಾಲ್ಕಾರು ಮನೆಗಳಿಂದ ಇಡೀ ಊರಿಗೆ ಆಗುವ ತೊಂದರೆ ಏನೆಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬೆಳೆಯ ವಿಷಯ ಬರೆಯುವವರು ದನದ ವಿಷಯಕ್ಕೇಕೆ ಬಂದರೆಂದು ಓದುಗರು ಕೇಳಬಹುದು. ಮುಂಗಾರಿನ ಹದ ಬಂದಾಗ ಎತ್ತಿನ ಗೊರಸು ಹುಣ್ಣಾಗಿದ್ದರೆ ಬಿತ್ತನೆ ನಿಲ್ಲುತ್ತದೆ. ಹಸು ಹಾಲು ಬತ್ತಿಸಿಕೊಂಡರೆ ಗೊಬ್ಬರ ಕೊಳ್ಳುವ ದುಡ್ಡೂ ನಿಲ್ಲುತ್ತದೆ. ಹೊಲ ಮತ್ತು ಕೊಟ್ಟಿಗೆ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬೇರೆ ಬೇರೆ ವಿಭಾಗಗಳಾಗಿರಬಹುದು, ರೈತನ ಮನೆಯಲ್ಲಿ ಅಲ್ಲ.

ದೊಡ್ಡರೋಗ ಹೋದ ಬಗೆ

ಹಿಂದೆ ದೊಡ್ಡರೋಗ ಬಂದಿತೆಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು. ಅದರ ಹಾವಳಿಯನ್ನು ತಡೆಯಲು ಮೈಸೂರು ಸಂಸ್ಥಾನದ ಸರ್ಕಾರ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ಸ್ಥಾಪಿಸಿತು. ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂದು ಕರೆಯಲ್ಪಡುವುದು ಇದೇ. ಸರ್ಕಾರದ ಪಶುವೈದ್ಯರೂ ಲಸಿಕೆಗಾರರೂ ದಶಕಗಳ ಕಾಲ ಊರೂರು ತಿರುಗಿ ಚುಚ್ಚುಮದ್ದು ಹಾಕಿದ ಫಲವಾಗಿ ನಮ್ಮ ದೇಶದಲ್ಲಿ 1995ರ ನಂತರ ದೊಡ್ಡರೋಗ ಕಾಣಿಸಿಕೊಂಡಿಲ್ಲ. 2011ರಲ್ಲಿ ಇಡೀ ಪ್ರಪಂಚವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಿಹೋದ ಎರಡನೆಯ ರೋಗ ಇದು.

ಹಾಗಾದರೆ ಕಾಲುಬಾಯಿ ಜ್ವರ ಏಕೆ ಹೋಗಲಿಲ್ಲ? ದೊಡ್ಡರೋಗದ ಲಸಿಕೆ ಒಮ್ಮೆ ಹಾಕಿದರೆ ರಾಸಿನ ಜೀವಮಾನಕ್ಕೆ ಸಾಕಾಗುತ್ತಿತ್ತು. ಕಾಲುಬಾಯಿ ಲಸಿಕೆಯ ಬಲ ಸುಮಾರು ಆರು ತಿಂಗಳು ಮಾತ್ರ. ಅಲ್ಲದೆ ಈ ರೋಗದ ವೈರಸ್‌ನಲ್ಲಿ ಹಲವು ಬಗೆಗಳಿದ್ದು, ಒಂದು ಬಗೆಯಿಂದ ವಾಸಿಯಾದ ರಾಸಿಗೆ ಇನ್ನೊಂದು ಬಗೆ ತಗಲಬಹುದು. ಆದಕಾರಣ ನಮ್ಮಲ್ಲಿ ಓ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಗಳಿಗೂ ಸೇರಿಸಿ ಒಂದೇ ಲಸಿಕೆ ಮಾಡುತ್ತಾರೆ. ರೋಗ ವಾಸಿಯಾದ ದನದ ಗಂಟಲಲ್ಲಿ ವೈರಸ್ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಉಳಿಯುವುದುಂಟು. ಕುರಿ, ಮೇಕೆ, ಹಂದಿಗಳಿಗೂ ಇದು ತಗಲುತ್ತದೆ. ದೊಡ್ಡರೋಗದಲ್ಲಿ ರೈತನು ಒಂದು ಸಲ ಸಹಕರಿಸಿದ್ದರೆ ಸಾಕಿತ್ತು. ಇದರಲ್ಲಿ ಪ್ರತಿ ಆರು ತಿಂಗಳಿಗೂ ಸಹಕರಿಸಬೇಕು.

2013ರಲ್ಲಿ ಕೋಲಾರ, ರಾಮನಗರ, ಬೆಂಗಳೂರು ಗ್ರಾಮಾಂತರ ಮುಂತಾದ ಜಿಲ್ಲೆಗಳಲ್ಲಿ ಈ ರೋಗ ಬಂದು ಸಾವಿರಾರು ರಾಸುಗಳು ಸತ್ತುದನ್ನು ಅಲ್ಲಿನ ಹೈನುಗಾರರು ಮರೆತಿರಲಾರರು. ನಾಟಿ ದನಗಳು ಬಾಯಿಹುಣ್ಣಾಗಿ ಹದಿನೈದು ದಿನದಲ್ಲಿ ಚೇತರಿಸಿಕೊಳ್ಳುತ್ತವೆಂಬ ಹಳೆಯ ಅನುಭವವನ್ನು ಮಿಶ್ರತಳಿಯ ಹಸುಗಳಿಗೆ ಅನ್ವಯಿಸಬಾರದು. ಎಳೆಗರುಗಳಿಗೆ ರೋಗ ಹೃದಯಕ್ಕೆ ತಾಗಿ, ಬಾಯಲ್ಲಿ ಹುಣ್ಣು ಕಾಣುವ ಮೊದಲೇ ಪ್ರಾಣ ಹೋಗಬಹುದು. ಬದುಕಿದ ಹಸುಗಳಲ್ಲಿಯೂ ಕೆಚ್ಚಲು ಬಾವು, ಗಬ್ಬ ಕಟ್ಟದಿರುವುದು, ಬಿಸಿಲಿಗೆ ಏದುಸಿರು ಬಿಡುವುದು ಮುಂತಾದ ತೊಂದರೆಗಳು ಉಳಿದುಕೊಳ್ಳುತ್ತವೆ. ಸಾಲ ಮಾಡಿ ತಂದ ಹಸು ಹೀಗಾದರೆ ಕಂತು ಕಟ್ಟುವುದು ಯಾವುದರಿಂದ?

ಲಸಿಕೆ ಪಡೆದ ರಾಸುಗಳೆಲ್ಲ ಒಂದೇ ಸಮನಾಗಿ ಶಕ್ತಿ ಪಡೆಯುವುದಿಲ್ಲ. ಬಡಕಲು ದನ, ಜಂತುಹುಳು ತುಂಬಿದ ಕರು, ಮೊದಲ ಸಲ ಲಸಿಕೆ ಪಡೆದ ಪಡ್ಡೆ ಇವುಗಳಲ್ಲಿ ರಕ್ಷಣೆ ಕಡಿಮೆ. ಸುತ್ತಲಿನ ರಾಸುಗಳಿಗೆ ರೋಗ ಬಾರದಿದ್ದರೆ ಇವೂ ಉಳಿಯುತ್ತವೆ. ಲಸಿಕೆ ಬೇಡವೆಂದ ಮನೆಯ ಹಸು ಕೆರೆಯಲ್ಲಿ ನೀರು ಕುಡಿಯುವಾಗ ತಂದ ರೋಗ ಮೊದಲು ತಗಲುವುದು ಇಂಥವಕ್ಕೆ.

ರೈತರ ಸಂದೇಹಗಳು

ಲಸಿಕೆಯಿಂದ ಹಾಲು ಇಳಿಯುತ್ತದೆ ಎಂಬುದು ಸುಳ್ಳಲ್ಲ. ಒಂದೆರಡು ದಿನ ಮೈಬಿಸಿಯಾಗಿ ಹಾಲು ಸ್ವಲ್ಪ ಕಡಿಮೆಯಾಗಬಹುದು, ಚುಚ್ಚಿದ ಜಾಗದಲ್ಲಿ ಗಂಟು ಕಾಣಬಹುದು. ಇವು ತಾನಾಗಿ ಸರಿಹೋಗುತ್ತವೆ. ಆ ಹಾಲನ್ನು ಚೆಲ್ಲಬೇಕಾಗಿಲ್ಲ. ಲಸಿಕೆ ಹಾಕಿದ ಮೇಲೆಯೇ ರೋಗ ಬಂತೆನ್ನುವವರಿದ್ದಾರೆ. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದರಿಂದ ರೋಗ ಹುಟ್ಟದು. ಆದರೆ ರೋಗ ತಗಲಿ ಹುಣ್ಣು ಕಾಣುವುದಕ್ಕೆ ಎರಡರಿಂದ ಹದಿನಾಲ್ಕು ದಿನ ಬೇಕಾಗುತ್ತದೆ. ಲಸಿಕೆಯ ಶಕ್ತಿ ಬರಲು ಎರಡು ಮೂರು ವಾರ ಬೇಕು. ಊರಿನಲ್ಲಿ ರೋಗ ಕಾಣಿಸಿದ ಮೇಲೆ ಓಡಿಹೋಗಿ ಹಾಕಿಸಿದವರ ಕೊಟ್ಟಿಗೆಯಲ್ಲಿ ಹೀಗಾಗುವುದು ಸಹಜ. ತುಂಬುಗಬ್ಬದ ಹಸುವಿನ ವಿಷಯದಲ್ಲಿ ಮಾತ್ರ ವೈದ್ಯರನ್ನು ಕೇಳಿ ನಡೆಯಿರಿ. ಅದನ್ನು ಎಳೆದಾಡಿ ಕೆಡವುವುದರಿಂದಾಗುವ ಅಪಾಯವೇ ಹೆಚ್ಚು.

ಇಲಾಖೆಯ ಕಡೆಯಿಂದಲೂ ಕೊರತೆಗಳಿಲ್ಲವೆಂದಲ್ಲ. ಹೊತ್ತೇರಿದ ಮೇಲೆ ಬರುವ ತಂಡಕ್ಕೆ ಖಾಲಿ ಕೊಟ್ಟಿಗೆಗಳು ಸಿಗುತ್ತವೆ. ಹಾಲಿನ ಡೇರಿಗೆ ಎಲ್ಲರೂ ಬರುವ ಬೆಳಗಿನ ಹೊತ್ತೇ ಇದಕ್ಕೆ ತಕ್ಕುದೆಂದು ನನ್ನ ಅಭಿಪ್ರಾಯ. ಹಾಲು ಉತ್ಪಾದಕರ ಸಂಘದವರು ಮೊದಲೇ ಕೇಳಿಕೊಂಡು ದಿನ ಗೊತ್ತುಮಾಡಿಕೊಳ್ಳಬಹುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡ್ ತಂಪಿನಲ್ಲಿಡಬೇಕು. ಪೆಟ್ಟಿಗೆಯಲ್ಲಿ ಐಸ್ ಕರಗಿದ್ದರೂ, ಲಸಿಕೆಯೇ ಹೆಪ್ಪುಗಟ್ಟಿದ್ದರೂ ಪ್ರಯೋಜನವಿಲ್ಲ. ಪೆಟ್ಟಿಗೆ ತೆರೆದು ತೋರಿಸಿರೆಂದು ಕೇಳಲು, ಪ್ರತಿ ರಾಸಿಗೂ ಬೇರೆ ಸೂಜಿ ಬಳಸಿರೆಂದು ಹೇಳಲು ಸಂಕೋಚ ಬೇಡ. ಹನ್ನೆರಡು ಅಂಕಿಗಳ ಕಿವಿಯೋಲೆಯನ್ನು ಕಿತ್ತುಹಾಕಬೇಡಿ. ಯಾವ ರಾಸಿಗೆ ಯಾವಾಗ ಲಸಿಕೆಯಾಯಿತೆಂಬುದು ಆ ಸಂಖ್ಯೆಯ ಮೇಲೆಯೇ ದಾಖಲಾಗುತ್ತದೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಂದು ಹಾಕುವ ರೋಗಕ್ಕೂ ಲಸಿಕೆಯುಂಟು. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ಈ ವಯಸ್ಸು ದಾಟಿದರೆ ಅವಕಾಶ ತಪ್ಪಿತು. ಈ ರೋಗ ಹಸಿ ಹಾಲಿನಿಂದಲೂ ಸತ್ತೆ ಮುಟ್ಟುವುದರಿಂದಲೂ ಮನುಷ್ಯರಿಗೆ ಹರಡುತ್ತದೆ.

ಕಾಲುಬಾಯಿ ಲಸಿಕೆಯನ್ನು ಕರುವಿಗೆ ನಾಲ್ಕು ತಿಂಗಳು ತುಂಬಿದಾಗ ಮೊದಲ ಸಲ, ತಿಂಗಳ ನಂತರ ಇನ್ನೊಮ್ಮೆ ಹಾಕಿಸಿ, ಆಮೇಲೆ ಆರು ತಿಂಗಳಿಗೊಮ್ಮೆ ಮುಂದುವರಿಸಬೇಕು. ಘಾಟಿ ಸುಬ್ರಹ್ಮಣ್ಯದಂತಹ ದನದ ಜಾತ್ರೆಗೆ ಹೊರಡುವ ಎತ್ತುಗಳಿಗೆ ಕನಿಷ್ಠ ಮೂರು ವಾರ ಮೊದಲೇ ಲಸಿಕೆಯಾಗಿರಲಿ. ಜಾತ್ರೆಯಿಂದ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಿರಿ. ಜೊಲ್ಲು ಸುರಿಸುವ ಅಥವಾ ಕುಂಟುವ ರಾಸು ಕಂಡ ಕೂಡಲೇ ಹತ್ತಿರದ ಪಶುವೈದ್ಯ ಸಂಸ್ಥೆಗೆ ಅಥವಾ 1962 ದೂರವಾಣಿಗೆ ತಿಳಿಸಿ. ವೈದ್ಯರು ಬರುವವರೆಗೆ ಅದನ್ನು ಸಾಮೂಹಿಕ ತೊಟ್ಟಿಗೆ ಬಿಡದೆ, ಒಂದು ಲೀಟರು ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆಯ ನೆಲವನ್ನೂ ನಿಮ್ಮ ಚಪ್ಪಲಿಯನ್ನೂ ತೊಳೆಯಿರಿ.