ಅಥಣಿಯ ಚಪ್ಪಲಿ, ಹೊರನಾಡಿನ ಪಾದ

ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಅಥಣಿ, ನಿಪ್ಪಾಣಿ, ಮದಭಾವಿಗಳ ಸಮಗಾರ ಮನೆಗಳಲ್ಲಿ. ಜಾಲಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲು, ಮೊಳೆಯಿಲ್ಲದೆ ತೊಗಲಿನ ದಾರದಲ್ಲೇ ಹಾಕಿದ ಹೊಲಿಗೆ, ಹೆಣ್ಣುಮಕ್ಕಳು ಹೆಣೆದ ಪಟ್ಟಿ. 2019ರಲ್ಲಿ ದೊರೆತ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸೇರಿದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇದನ್ನೇ ಹೋಲುವ ಚಪ್ಪಲಿ ತೋರಿಸಿದಾಗ ಜಗತ್ತಿನ ಕಣ್ಣು ಇತ್ತ ತಿರುಗಿತು. ಅದಕ್ಕೂ ಬಹಳ ಮೊದಲೇ, ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಅವರ ಒತ್ತಾಸೆಯಿಂದ ಅಥಣಿಯ ಕಸುಬುದಾರರು ಟೋಹೋಲ್ಡ್ ಹೆಸರಿನಲ್ಲಿ ಹೊರದೇಶಗಳಿಗೆ ಚಪ್ಪಲಿ ಕಳಿಸಿದ್ದರು. ಈಗ ಒಂದು ಮನೆಯವರೂ ಆನ್‌ಲೈನ್ ಅಂಗಡಿ ತೆರೆದು ನೇರವಾಗಿ ಮಾರಬಹುದು. ಆದರೆ ಅಂಗಡಿಯ ಸೆಟ್ಟಿಂಗ್ಸ್ ಬೆಳಗಾವಿಯ ಗಿರಾಕಿಗೆ ಹೊಂದಿಸಿಟ್ಟಂತೆಯೇ ಉಳಿದರೆ ಲಂಡನ್ನಿನ ಗಿರಾಕಿ ಅರ್ಧದಲ್ಲೇ ಹೊರಟುಹೋಗುತ್ತಾನೆ.

ಎಲ್ಲಕ್ಕಿಂತ ಮೊದಲು ಸರಿಯಾಗಬೇಕಾದದ್ದು ಪಾದದ ನಂಬರು. ಹಣದ ಚಿಹ್ನೆ ಬದಲಿಸಿ ಕೆಲಸ ಮುಗಿಯಿತೆಂದುಕೊಳ್ಳುವವರು ಇಲ್ಲಿಯೇ ನಷ್ಟ ಕಾಣುತ್ತಾರೆ. ನಾವು ಹೇಳುವ ಏಳು, ಎಂಟು, ಒಂಬತ್ತು ಬ್ರಿಟನ್ನಿನ ಅಳತೆ. ಒಂದು ನಂಬರಿನಿಂದ ಇನ್ನೊಂದಕ್ಕೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಯುರೋಪಿನಲ್ಲಿ ಈ ಅಂತರ ಸೆಂಟಿಮೀಟರಿನ ಮೂರನೇ ಎರಡು ಭಾಗ, ಹಾಗಾಗಿ ಅಲ್ಲಿನ ಗಂಡಸರು 42, 43 ಕೇಳುತ್ತಾರೆ. ಅಮೆರಿಕದ ಅಂತರ ಬ್ರಿಟನ್ನಿನದೇ, ಎಣಿಕೆ ಶುರುವಾಗುವ ಜಾಗ ಮಾತ್ರ ಬೇರೆ; ಅದರಲ್ಲೂ ಗಂಡಸರಿಗೊಂದು ಲೆಕ್ಕ, ಹೆಂಗಸರಿಗೊಂದು ಲೆಕ್ಕ. ಜಪಾನಿನವರು ಸೆಂಟಿಮೀಟರನ್ನೇ ಹೇಳಿಬಿಡುತ್ತಾರೆ. ನನಗೆ ಅವರ ದಾರಿಯೇ ಮೇಲೆನಿಸುತ್ತದೆ. ಕಾಗದದ ಮೇಲೆ ಕಾಲಿಟ್ಟು, ಹಿಮ್ಮಡಿಯಿಂದ ಉದ್ದನೆಯ ಬೆರಳಿನ ತುದಿವರೆಗೆ ಅಳೆದು ಹೇಳಿ ಎಂದು ಕೇಳಿ. ನಂಬರುಗಳ ಪಟ್ಟಿ ಅದರ ಪಕ್ಕದಲ್ಲಿರಲಿ. ಕೊಲ್ಹಾಪುರಿಗೆ ಬಿಗಿ ಸಡಿಲ ಮಾಡಿಕೊಳ್ಳಲು ಲೇಸಿಲ್ಲ, ಬಕಲ್ ಇಲ್ಲ. ಹೊಸತರಲ್ಲಿ ಪಟ್ಟಿ ಬಿಗಿಯಾಗಿದ್ದು ಮೆಟ್ಟಿದಂತೆ ಸಡಿಲಾಗುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು, ಬರ್ಲಿನ್‌ನವರಿಗೆ ಬರೆದೇ ತಿಳಿಸಬೇಕು.

ಬೆಲೆಯ ಮಾತು ಇಷ್ಟೇ. ವಿನಿಮಯ ದರಕ್ಕೆ ತಕ್ಕಂತೆ ದಿನವೂ ಬೆಲೆ ಕುಣಿಯಲು ಬಿಡದೆ, ಡಾಲರ್, ಪೌಂಡ್, ಯೂರೋಗಳಲ್ಲಿ ನೀವೇ ಬೆಲೆ ನಿಗದಿ ಮಾಡಿ ಆಗಾಗ ಪರಿಶೀಲಿಸಿ. ಅಂಕಿ ಬರೆಯುವ ರೂಢಿಯನ್ನು ಗಿರಾಕಿಯ ದೇಶಕ್ಕೆ ಬಿಟ್ಟುಕೊಡಿ: ನಮ್ಮ 1,250.00 ಜರ್ಮನಿಯಲ್ಲಿ 1.250,00 ಆಗುತ್ತದೆ, ಜಪಾನಿನ ಯೆನ್‌ಗೆ ಚುಕ್ಕೆಯ ನಂತರ ಅಂಕಿಯೇ ಇಲ್ಲ, ಕುವೈತ್ ದಿನಾರಿಗೆ ಮೂರು ಅಂಕಿ. ತಲುಪುವ ದಿನಾಂಕದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. 03/04 ಎಂಬುದು ನಮಗೆ ಏಪ್ರಿಲ್, ಅಮೆರಿಕದವರಿಗೆ ಮಾರ್ಚ್.

ವಿಳಾಸದ ಫಾರ್ಮು ಸಣ್ಣದೆನಿಸಿದರೂ ದೊಡ್ಡ ಅಡ್ಡಿ. ಅಥಣಿಯ ಪಿನ್ 591304, ಆರು ಅಂಕಿ. ಲಂಡನ್ನಿನ ಕೋಡಿನಲ್ಲಿ ಅಕ್ಷರಗಳೂ ಇರುತ್ತವೆ. ದುಬೈನಲ್ಲಿ ಪಿನ್ ಪದ್ಧತಿಯೇ ಇಲ್ಲ. ಆರು ಅಂಕಿಯ ಪಿನ್ನು, ಹತ್ತು ಅಂಕಿಯ ಮೊಬೈಲ್ ಕಡ್ಡಾಯವೆಂದು ಫಾರ್ಮು ಹಟ ಹಿಡಿದರೆ ದುಬೈನ ಕನ್ನಡಿಗ ದುಡ್ಡು ಕೊಡಲು ಸಿದ್ಧನಿದ್ದರೂ ಕೊಳ್ಳಲಾರ. ದೇಶ ನೋಡಿ ಭಾಷೆಯನ್ನೂ ತೀರ್ಮಾನಿಸಬೇಡಿ. ಆತನಿಗೆ ದಿರ್ಹಾಮಿನ ಬೆಲೆಯೂ ಬೇಕು, ಕನ್ನಡದ ಪುಟವೂ ಬೇಕು.

ತೆರಿಗೆಯ ಸೆಟ್ಟಿಂಗಿಗೆ ತಾಳ್ಮೆ ಬೇಕು. ರಫ್ತಿಗೆ ಜಿಎಸ್‌ಟಿ ಸೊನ್ನೆ ದರದ್ದು. ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದ ನೋಂದಾಯಿತ ವ್ಯಾಪಾರಿ ಹೊರದೇಶದ ಬಿಲ್ಲಿನಲ್ಲಿ ಈ ತೆರಿಗೆಯನ್ನು ಸೇರಿಸಬೇಕಿಲ್ಲ. ಆಮದು-ರಫ್ತುದಾರರಿಗೆ ಕೊಡುವ ಐಇಸಿ ಸಂಖ್ಯೆ ಪಡೆದು, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ ಮೂಲಕ ಪಾರ್ಸೆಲ್ ಕಳಿಸಬಹುದು. ತೊಗಲಿನ ಅಟ್ಟೆ, ಹೆಬ್ಬೆರಳನ್ನೂ ಪಾದದ ಮೇಲ್ಭಾಗವನ್ನೂ ಬಳಸುವ ತೊಗಲಿನ ಪಟ್ಟಿ ಇರುವ ಪಾದರಕ್ಷೆಗೆಂದೇ ಜಗತ್ತಿನ ಸುಂಕದ ಪಟ್ಟಿಯಲ್ಲಿ 6403.20 ಎಂಬ ಪ್ರತ್ಯೇಕ ಸಂಖ್ಯೆಯಿದೆ. ಅದನ್ನು ಅಂಗಡಿಯಲ್ಲಿ ಪ್ರತಿ ಜೋಡಿಗೂ ನಮೂದಿಸಿ.

ಅತ್ತ ಕಡೆಯ ತೆರಿಗೆ ದೇಶಕ್ಕೊಂದು ಬಗೆ. ಬ್ರಿಟನ್ನಿಗೆ 135 ಪೌಂಡ್ ಮೀರದ ಸರಕು ಕಳಿಸುವಾಗ ಶೇ. 20 ವ್ಯಾಟನ್ನು ಮಾರುವಾಗಲೇ ವಸೂಲು ಮಾಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ 150 ಯೂರೋವರೆಗಿನ ಸರಕಿಗೆ ವ್ಯಾಟನ್ನು ಮಾರುವಾಗಲೇ ವಸೂಲು ಮಾಡಿ ಕಟ್ಟಲು ಐಒಎಸ್ಎಸ್ ಎಂಬ ನೋಂದಣಿಯ ಅನುಕೂಲವಿದೆ. ಅಮೆರಿಕದಲ್ಲಿ 800 ಡಾಲರ್‌ವರೆಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತಿತು. ಸುಂಕ ಕಟ್ಟುವವರು ನೀವೋ ಅವರೋ ಎಂಬುದನ್ನು ಹಣ ಪಾವತಿಸುವ ಪುಟದಲ್ಲೇ ಸ್ಪಷ್ಟವಾಗಿ ತೋರಿಸಿ. ಬಾಗಿಲಲ್ಲಿ ಬೇರೆ ಬಿಲ್ಲು ಕಂಡವರು ಪಾರ್ಸೆಲ್ ಬೇಡವೆಂದರೆ ಹೋಗಿಬರುವ ಖರ್ಚು ಕಸುಬುದಾರರ ತಲೆಗೇ ಬರುತ್ತದೆ.