ತುಕ್ಕು ಹಿಡಿದ ಸ್ಕ್ರೂ

ಪುಣೆಯ ಮಳೆಯಲ್ಲಿ ಮಾರ್ಕೆಟ್ ಯಾರ್ಡಿಗೆ ಓಡಾಡಿದ ಹೋಟೆಲಿನ ಕಾರಿಗೆ ಬ್ರೇಕ್ ಡಿಸ್ಕ್ ಬದಲಿಸುವಾಗ, ಹಲವು ಮಾದರಿಗಳಲ್ಲಿ ಡಿಸ್ಕನ್ನು ಹಿಡಿದಿರುವ ಪುಟ್ಟ ಸ್ಕ್ರೂ ತುಕ್ಕಿನಿಂದ ಕಚ್ಚಿಕೊಂಡಿರುವುದುಂಟು. ಆತುರದಿಂದ ತಿರುಗಿಸಿ ಅದರ ತಲೆಯನ್ನು ಸವೆಸಿಕೊಂಡವರನ್ನು ನಾವು ಕಂಡಿದ್ದೇವೆ.

ಜಾಕೊಂದನ್ನೇ ನಂಬದೆ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿರಿ. ಸ್ಕ್ರೂವಿನ ತಲೆಯನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾಯಿರಿ. ಅನಂತರ ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ ದೊರೆಯುವ ಇಂಪ್ಯಾಕ್ಟ್ ಡ್ರೈವರಿಗೆ ಸರಿಯಳತೆಯ ಬಿಟ್ ಹಾಕಿ ಸುತ್ತಿಗೆಯಿಂದ ಹೊಡೆಯಿರಿ. ಪ್ರತಿ ಪೆಟ್ಟೂ ಬಿಟ್ಟನ್ನು ಒಳಗೊತ್ತುತ್ತಲೇ ತಿರುಗಿಸುವುದು.

ಆಗಲೂ ಬಾರದಿದ್ದರೆ ತಲೆಯನ್ನು ಡ್ರಿಲ್ಲಿನಿಂದ ಕೊರೆದು ತೆಗೆಯಬಹುದು. ಓಡುವ ಕಾರಿನಲ್ಲಿ ಡಿಸ್ಕನ್ನು ಬಿಗಿಹಿಡಿಯುವವು ಚಕ್ರದ ಬೋಲ್ಟುಗಳೇ. ಎಣ್ಣೆ ತಾಗಿದ ಡಿಸ್ಕಿನ ಮೇಲೆ ಬ್ರೇಕ್ ಹಿಡಿಯದು. ಚಕ್ರ ಹಾಕುವ ಮುನ್ನ ಅದನ್ನು ಬ್ರೇಕ್ ಕ್ಲೀನರಿನಿಂದ ಒರೆಸಲು ಮರೆಯಬಾರದೆಂದು ನಮ್ಮ ಬಿನ್ನಹ.