ಡಿವಿಡಿ ಬರ್ನಿಂಗ್: ತಂತ್ರಾಂಶ ಮತ್ತು ಖಾಲಿ ಡಿಸ್ಕ್‌ಗಳ ಆಯ್ಕೆ

ಡಿವಿಡಿ ಬರ್ನಿಂಗ್ ಎಂದರೆ ಗಣಕಯಂತ್ರದಲ್ಲಿರುವ ಕಡತಗಳನ್ನು ಅಥವಾ ಚಲನಚಿತ್ರಣವನ್ನು ಲೇಸರ್ ಕಿರಣದ ನೆರವಿನಿಂದ ಖಾಲಿ ಡಿವಿಡಿಯ ಮೇಲೆ ಬರೆಯುವ ಕ್ರಿಯೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಡಿವಿಡಿಯನ್ನೂ ‘ಸಿಡಿ’ ಎಂದೇ ಕರೆಯುವ ರೂಢಿಯಿರುವುದರಿಂದ ಈ ಕ್ರಿಯೆಗೆ ‘ಸಿಡಿ ರೈಟ್ ಮಾಡುವುದು’ ಎಂಬ ಹೆಸರೂ ಇದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಭಾಗದಲ್ಲಿ ಮದುವೆ, ಜಾತ್ರೆ, ಬಯಲಾಟಗಳ ಚಿತ್ರೀಕರಣವನ್ನು ಫೋಟೊ ಸ್ಟುಡಿಯೊದವರು ಬಹುಕಾಲ ಡಿವಿಡಿಯಲ್ಲಿಯೇ ಕೊಡುತ್ತಿದ್ದರು. ಮನೆಯ ಟ್ರೆಜರಿಯಲ್ಲಿ ಉಳಿದಿರುವ ಇಂಥ ಡಿಸ್ಕ್ ಅನೇಕ ಸಂದರ್ಭಗಳಲ್ಲಿ ಆ ಚಿತ್ರಣದ ಏಕೈಕ ಪ್ರತಿಯಾಗಿರುತ್ತದೆ. ಆದ್ದರಿಂದ ತಂತ್ರಾಂಶ ಮತ್ತು ಡಿಸ್ಕ್‌ಗಳ ಆಯ್ಕೆಯನ್ನು ಕೇವಲ ಬೆಲೆಯ ಪ್ರಶ್ನೆಯಾಗಿ ನೋಡಲಾಗದು.

ರಚನೆ ಮತ್ತು ಕಾರ್ಯವಿಧಾನ

ಡಿವಿಡಿ 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದಿತು. ಇದು 120 ಮಿಲಿಮೀಟರ್ ವ್ಯಾಸದ, 1.2 ಮಿಲಿಮೀಟರ್ ದಪ್ಪದ ತಟ್ಟೆ. ತಲಾ 0.6 ಮಿಲಿಮೀಟರಿನ ಎರಡು ಪಾಲಿಕಾರ್ಬೊನೇಟ್ ತಟ್ಟೆಗಳನ್ನು ಅಂಟಿನಿಂದ ಜೋಡಿಸಿ ಇದನ್ನು ತಯಾರಿಸುತ್ತಾರೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿ ಈ ಎರಡರ ನಡುವೆ ಸಾವಯವ ಬಣ್ಣದ ತೆಳು ಪದರವೂ ಬೆಳಕನ್ನು ಪ್ರತಿಫಲಿಸುವ ಲೋಹದ ಪದರವೂ ಇರುತ್ತವೆ. ಸುಮಾರು 650 ನ್ಯಾನೊಮೀಟರ್ ತರಂಗಾಂತರದ ಕೆಂಪು ಲೇಸರ್ ಈ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮೂಡಿಸುತ್ತದೆ. ಹೀಗೆ ಮೂಡಿದ ಗುರುತನ್ನು ಅಳಿಸಲಾಗದು. ಬಣ್ಣವು ಬಿಸಿಲು, ಶಾಖ ಮತ್ತು ತೇವದಿಂದ ಕಾಲಕ್ರಮೇಣ ಕೆಡುತ್ತದೆ. ಬರೆದ ಡಿವಿಡಿಗಳು ವರ್ಷಗಳ ನಂತರ ಓದಲು ಬಾರದಂತಾಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಖಾಲಿ ಡಿಸ್ಕ್‌ಗಳ ಬಗೆಗಳು

ಅಂಗಡಿಯಲ್ಲಿ ಹೆಚ್ಚಾಗಿ ಕಾಣುವವು ಡಿವಿಡಿ-ಆರ್ ಮತ್ತು ಡಿವಿಡಿ+ಆರ್. ಮೊದಲನೆಯದನ್ನು ಪಯೋನಿಯರ್ ಸಂಸ್ಥೆ 1997ರಲ್ಲಿ ಹೊರತಂದಿತು. ಎರಡನೆಯದು ಫಿಲಿಪ್ಸ್, ಸೋನಿ ಮೊದಲಾದ ಸಂಸ್ಥೆಗಳ ಕೂಟದಿಂದ 2002ರಲ್ಲಿ ಬಂದಿತು. ಎರಡರ ಧಾರಣಶಕ್ತಿಯೂ 4.7 ಜಿಬಿ ಎಂದು ಮುದ್ರಿತವಾಗಿರುತ್ತದೆ. ಗಣಕಯಂತ್ರವು 1024ರ ಲೆಕ್ಕದಲ್ಲಿ ಎಣಿಸುವುದರಿಂದ ಪರದೆಯ ಮೇಲೆ 4.37 ಜಿಬಿ ಎಂದು ಕಾಣಿಸುತ್ತದೆ. ಇದು ಅಂಗಡಿಯವನ ಮೋಸವಲ್ಲ. ಹಳೆಯ ಪ್ಲೇಯರ್‌ಗಳಲ್ಲಿ ನೋಡಬೇಕಾದ ಚಿತ್ರಣಕ್ಕೆ ಡಿವಿಡಿ-ಆರ್ ಸಾಮಾನ್ಯವಾಗಿ ಸುರಕ್ಷಿತ ಆಯ್ಕೆ. 8.5 ಜಿಬಿಯ ಎರಡು ಪದರದ ಡಿಸ್ಕ್‌ಗಳು ದುಬಾರಿ. ಡಿವಿಡಿ-ಆರ್‌ಡಬ್ಲ್ಯೂ ಮತ್ತು ಡಿವಿಡಿ+ಆರ್‌ಡಬ್ಲ್ಯೂಗಳನ್ನು ಸುಮಾರು ಸಾವಿರ ಸಲ ಅಳಿಸಿ ಬರೆಯಬಹುದಾದರೂ ಅವು ತಾತ್ಕಾಲಿಕ ಬಳಕೆಗೆ ಯೋಗ್ಯವೇ ಹೊರತು ಸಂಗ್ರಹಕ್ಕಲ್ಲ.

ಡಬ್ಬಿಯ ಮೇಲಿನ ಹೆಸರು ತಯಾರಕರ ಹೆಸರೇ ಆಗಿರಬೇಕೆಂದಿಲ್ಲ. ಒಂದೇ ಹೆಸರಿನ ಡಬ್ಬಿಗಳಲ್ಲಿ ಬೇರೆ ಬೇರೆ ಕಾರ್ಖಾನೆಗಳ ಡಿಸ್ಕ್‌ಗಳಿರುವುದುಂಟು. ಪ್ರತಿ ಡಿಸ್ಕಿನಲ್ಲಿ ತಯಾರಕರ ಸಂಕೇತವು ಅಡಕವಾಗಿದ್ದು, ಇಮ್ಗ್‌ಬರ್ನ್‌ನಂಥ ತಂತ್ರಾಂಶದಲ್ಲಿ ಅದನ್ನು ಓದಬಹುದು. ಭಾರತದಲ್ಲಿ ದೀರ್ಘಕಾಲ ಮನೆಮಾತಾಗಿದ್ದ ಹೆಸರು 1983ರಲ್ಲಿ ಸ್ಥಾಪನೆಯಾದ ಮೋಸರ್ ಬೇರ್. ಸಾಲದ ಹೊರೆಯಿಂದ ಕುಸಿದ ಈ ಸಂಸ್ಥೆಯ ಸಮಾಪನಕ್ಕೆ 2018ರಲ್ಲಿ ಆದೇಶವಾಯಿತು. ಹೀಗಾಗಿ ಆ ಹೆಸರಿನ ಖಾಲಿ ಡಿಸ್ಕ್ ಈಗ ಸಿಕ್ಕರೆ ಅದು ಹಳೆಯ ದಾಸ್ತಾನಾಗಿರುವ ಸಂಭವವೇ ಹೆಚ್ಚು. ಬರೆಯದ ಡಿಸ್ಕಿಗೂ ಆಯುಸ್ಸಿದೆ. ಅಂಚಿನಲ್ಲಿ ಕಲೆ, ಗುಳ್ಳೆ ಅಥವಾ ಬಣ್ಣದ ವ್ಯತ್ಯಾಸ ಕಂಡ ಡಿಸ್ಕನ್ನು ಮುಖ್ಯ ಕೆಲಸಕ್ಕೆ ಬಳಸಬಾರದು.

ತಂತ್ರಾಂಶದ ಆಯ್ಕೆ

ತಂತ್ರಾಂಶವನ್ನು ಆರಿಸುವ ಮುನ್ನ ಬೇಕಾಗಿರುವುದು ದತ್ತಾಂಶದ ಡಿಸ್ಕೋ, ವಿಡಿಯೊ ಡಿಸ್ಕೋ ಎಂಬುದನ್ನು ನಿರ್ಧರಿಸಬೇಕು. ಕಡತಗಳನ್ನು ಇದ್ದಂತೆಯೇ ನಕಲಿಸಿದರೆ ಅದು ದತ್ತಾಂಶದ ಡಿಸ್ಕ್. ಟಿವಿಗೆ ಜೋಡಿಸಿದ ಪ್ಲೇಯರಿನಲ್ಲಿ ನಡೆಯಬೇಕಾದರೆ ಚಿತ್ರಣವನ್ನು ಎಂಪೆಗ್-2 ರೂಪಕ್ಕೆ ಪರಿವರ್ತಿಸಿ, ನಿರ್ದಿಷ್ಟ ಕಡತಕೋಶದಲ್ಲಿ ಜೋಡಿಸಬೇಕು. ಭಾರತದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720×576, ವೇಗ ಸೆಕೆಂಡಿಗೆ 25 ಚೌಕಟ್ಟು. ಮೊಬೈಲಿನ ವಿಡಿಯೊವನ್ನು ನೇರವಾಗಿ ನಕಲಿಸಿ, ‘ಪ್ಲೇಯರಿನಲ್ಲಿ ಬರುತ್ತಿಲ್ಲ’ ಎಂದು ಡಿಸ್ಕನ್ನು ದೂರುವುದು ಸಾಮಾನ್ಯ ತಪ್ಪು.

ನೀರೊ ಬರ್ನಿಂಗ್ ರೋಮ್ 1990ರ ದಶಕದ ಜರ್ಮನ್ ತಂತ್ರಾಂಶ. ರೋಮ್ ನಗರ ಉರಿಯುತ್ತಿದ್ದಾಗ ಪಿಟೀಲು ಬಾರಿಸುತ್ತಿದ್ದನೆಂಬ ಕಥೆಗೆ ಗುರಿಯಾದ ಚಕ್ರವರ್ತಿಯ ಹೆಸರಿನ ಮೇಲಿನ ಶ್ಲೇಷೆ ಇದು. (ಪಿಟೀಲು ಆ ಕಾಲದಲ್ಲಿ ಇರಲೇ ಇಲ್ಲವೆಂಬುದು ಬೇರೆ ಮಾತು.) ಇದು ಹಣ ಕೊಟ್ಟು ಕೊಳ್ಳಬೇಕಾದದ್ದು, ಪರವಾನಗಿ ಇಲ್ಲದ ಪ್ರತಿಗಳು ಎಲ್ಲೆಡೆ ಹರಡಿದ್ದವು, ಅವುಗಳೊಡನೆ ವೈರಸ್‌ಗಳೂ ಬರುತ್ತಿದ್ದವು. ಅದರ ಅಗತ್ಯ ಈಗಿಲ್ಲ. ವಿಂಡೋಸ್‌ನಲ್ಲಿ ದತ್ತಾಂಶದ ಡಿಸ್ಕ್ ಬರೆಯುವ ಸೌಲಭ್ಯವು ವ್ಯವಸ್ಥೆಯಲ್ಲಿಯೇ ಇದೆ. ಉಚಿತವಾದ ಇಮ್ಗ್‌ಬರ್ನ್ ಮತ್ತು ಸಿಡಿಬರ್ನರ್‌ಎಕ್ಸ್‌ಪಿ ಇನ್ನಷ್ಟು ನಿಯಂತ್ರಣ ಕೊಡುತ್ತವೆ. ಇಮ್ಗ್‌ಬರ್ನ್‌ನ ಕೊನೆಯ ಆವೃತ್ತಿ 2013ರದು. ಲಿನಕ್ಸ್‌ನಲ್ಲಿ ಕೆ3ಬಿ ಮತ್ತು ಬ್ರಸೇರೊ ಇವೆ. ವಿಡಿಯೊ ಡಿಸ್ಕ್ ರೂಪಿಸಲು ಡಿವಿಡಿಸ್ಟೈಲರ್ ಉಚಿತ. ವಿಂಡೋಸ್ 7ರವರೆಗೆ ಇದ್ದ ವಿಂಡೋಸ್ ಡಿವಿಡಿ ಮೇಕರನ್ನು ಮುಂದಿನ ಆವೃತ್ತಿಯಲ್ಲಿ ಕೈಬಿಡಲಾಯಿತು.

ಯಾವ ತಂತ್ರಾಂಶವಾದರೂ ಬರೆದ ನಂತರ ಮೂಲದೊಂದಿಗೆ ಹೋಲಿಸಿ ಪರಿಶೀಲಿಸುವ ಸೌಲಭ್ಯವಿರಬೇಕು. 16 ಪಟ್ಟು ವೇಗದ ಡಿಸ್ಕನ್ನು 8 ಪಟ್ಟು ವೇಗದಲ್ಲಿ ಬರೆದರೆ ಕೆಲವೇ ನಿಮಿಷಗಳು ಹೆಚ್ಚಾಗುತ್ತವೆ, ಆದರೆ ಬರಹ ಹೆಚ್ಚು ನಂಬಿಕೆಗೆ ಅರ್ಹವಾಗುತ್ತದೆ. ತೀರಾ ನಿಧಾನವೂ ಒಳ್ಳೆಯದಲ್ಲ. ಈ ಬಣ್ಣಗಳು ಹೆಚ್ಚಿನ ವೇಗಕ್ಕೆಂದೇ ಸಿದ್ಧವಾದವು. ನಡುವೆ ಕರೆಂಟ್ ಹೋದರೆ ಒಮ್ಮೆ ಬರೆಯುವ ಡಿಸ್ಕ್ ಸಾಮಾನ್ಯವಾಗಿ ಕೈತಪ್ಪಿದಂತೆಯೇ. ಆದ್ದರಿಂದ ಯುಪಿಎಸ್ ಅಥವಾ ಚಾರ್ಜ್ ಇರುವ ಲ್ಯಾಪ್‌ಟಾಪ್ ಬೇಕು.

ಕನ್ನಡದ ಕಡತಹೆಸರುಗಳು

ಡಿಸ್ಕಿನ ಮೂಲ ಕಡತವ್ಯವಸ್ಥೆಯಾದ ಐಎಸ್‌ಒ 9660 ಕನ್ನಡ ಅಕ್ಷರಗಳನ್ನು ಒಪ್ಪುವುದಿಲ್ಲ. ಅದರ ವಿಸ್ತರಣೆಯಾದ ಜೋಲಿಯೆಟ್ ಮತ್ತು ಪ್ರತ್ಯೇಕ ವ್ಯವಸ್ಥೆಯಾದ ಯುಡಿಎಫ್ ಒಪ್ಪುತ್ತವೆ. ಜೋಲಿಯೆಟ್‌ನಲ್ಲಿ ಹೆಸರಿನ ಮಿತಿ 64 ಸಂಕೇತಗಳು. ಕನ್ನಡದಲ್ಲಿ ಒತ್ತು, ಗುಣಿತಗಳೆಲ್ಲ ಪ್ರತ್ಯೇಕ ಸಂಕೇತಗಳಾದ್ದರಿಂದ ‘ಶ್ರೀಕೃಷ್ಣಪಾರಿಜಾತ’ ಎಂಬ ಏಳಕ್ಷರದ ಹೆಸರು 16 ಸಂಕೇತಗಳನ್ನು ನುಂಗುತ್ತದೆ. ಆದಕಾರಣ ಕನ್ನಡದ ಹೆಸರುಗಳಿಗೆ ಯುಡಿಎಫ್ ಉತ್ತಮ. ಯುನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ದಾಖಲೆಗಳಿದ್ದರೆ ಆ ಅಕ್ಷರಶೈಲಿಯ ಕಡತವನ್ನೂ ಅದೇ ಡಿಸ್ಕಿನಲ್ಲಿ ಇಡಬೇಕು. ಇಲ್ಲದಿದ್ದರೆ ಮುಂದೆ ತೆರೆದವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳಷ್ಟೇ ಕಾಣುತ್ತವೆ.

ಜಮಖಂಡಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ

ಶ್ರೀಕೃಷ್ಣ ಪಾರಿಜಾತವು ಬೆಳಗಾವಿ, ಬಾಗಲಕೋಟೆ ಭಾಗದ ಜನಪ್ರಿಯ ಬಯಲಾಟ. ಇದು ರಾತ್ರಿಯಿಡೀ ನಡೆಯುವ ಆಟವಾದ್ದರಿಂದ ಒಂದು ಡಿಸ್ಕಿಗೆ ಒಗ್ಗುವುದಿಲ್ಲ. 4.7 ಜಿಬಿಯಲ್ಲಿ ಎರಡು ಗಂಟೆಯ ಚಿತ್ರಣವಿಟ್ಟರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ದೊರೆಯುತ್ತದೆ, ಇದು ತೃಪ್ತಿಕರ. ಆರು ಗಂಟೆಯ ಆಟವನ್ನು ಒಂದರಲ್ಲೇ ತುರುಕಿದರೆ ಅದು 1.7 ಮೆಗಾಬಿಟ್ಟಿಗೆ ಇಳಿದು, ದೀಪದ ಬೆಳಕಿನಲ್ಲಿ ಕುಣಿಯುವ ಪಾತ್ರಗಳ ಮುಖಗಳು ಚೌಕಚೌಕವಾಗಿ ಒಡೆಯುತ್ತವೆ. ಇಂಥ ಆಟಕ್ಕೆ ಮೂರು ಡಿಸ್ಕ್‌ಗಳನ್ನು ಬಳಸಿ, ಸನ್ನಿವೇಶ ಮುಗಿಯುವಲ್ಲಿ ತುಂಡರಿಸುವುದು ಸರಿಯಾದ ಕ್ರಮ. ಕಲಾವಿದರು ತೀರಿಕೊಂಡ ಮೇಲೆ ಅವರ ಹಾಡಿಕೆ ಉಳಿಯುವುದು ಇಂಥ ಪ್ರತಿಗಳಲ್ಲಿಯೇ.

ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಡೆಯಾಗಿ, ಜನರು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. ಹಳೆಯ ಊರಿನ ಅಗಸಿ, ಓಣಿ, ಗುಡಿಗಳು ಹಿನ್ನೆಲೆಯಲ್ಲಿ ಕಾಣುವ ಮದುವೆ ಕ್ಯಾಸೆಟ್ಟನ್ನಾಗಲಿ, ಅದರಿಂದ ತೆಗೆದ ಡಿವಿಡಿಯನ್ನಾಗಲಿ ಕಳೆದುಕೊಂಡರೆ ಮತ್ತೆ ಚಿತ್ರೀಕರಿಸಲು ಆ ಊರೇ ಇಲ್ಲ.

ಸಂರಕ್ಷಣೆ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಪ್ರಕಟಿಸಿದ ಕೈಪಿಡಿಯು ಡಿಸ್ಕ್‌ಗಳನ್ನು 4ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇ. 20ರಿಂದ 50ರ ತೇವಾಂಶದಲ್ಲಿ ಇಡಲು ಹೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ತಲಪುವ ಬಾಗಲಕೋಟೆ ಸೀಮೆಯಲ್ಲಿ ಹವಾನಿಯಂತ್ರಣವಿಲ್ಲದೆ ಇದು ಅಸಾಧ್ಯ. ತಗಡಿನ ಚಾವಣಿಯ ಕೆಳಗಿನ ಅಟ್ಟ ಮತ್ತು ಟಿವಿಯ ಮೇಲ್ಭಾಗ ಇವೆರಡನ್ನು ಬಿಟ್ಟು, ಮಣ್ಣಿನ ಅಥವಾ ಕಲ್ಲುಗೋಡೆಯ ಒಳಕೋಣೆಯಲ್ಲಿ, ಗಟ್ಟಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಡುವುದು ಸಾಧ್ಯವಿರುವ ಉಪಾಯ. ಕಾಗದದ ಚೀಟಿ ಅಂಟಿಸಬಾರದು. ಅದು ತಟ್ಟೆಯ ಸಮತೋಲ ಕೆಡಿಸುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಪ್ರವಾಹವು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಅನೇಕ ಊರುಗಳಿಗೆ ನುಗ್ಗಿತ್ತು. ನೆನೆದ ಡಿಸ್ಕ್ ಕೂಡಲೇ ಹಾಳಾಗುವುದಿಲ್ಲ. ಒದ್ದೆ ಕಾಗದವನ್ನು ಬೇರ್ಪಡಿಸಿ, ಶುದ್ಧ ನೀರಿನಲ್ಲಿ ರಾಡಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ ನೆರಳಲ್ಲಿ ಒಣಗಿಸಬೇಕು. ಮರಳಿನ ಕಣವಿರುವಾಗ ಒಣಬಟ್ಟೆಯಿಂದ ತಿಕ್ಕಿದರೆ ನೀರು ಮಾಡದ ಹಾನಿಯನ್ನು ಕೈಯೇ ಮಾಡುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದು ವಿರಳ. ಯುಎಸ್‌ಬಿ ಮೂಲಕ ಜೋಡಿಸುವ ಹೊರಗಿನ ಡ್ರೈವ್‌ಗಳು ದೊರೆಯುತ್ತವೆ. ಅವುಗಳ ನೆರವಿನಿಂದ ಹಳೆಯ ಡಿಸ್ಕನ್ನು ಐಎಸ್‌ಒ ಕಡತವಾಗಿ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬಹುದು. ಒಂದು ಡ್ರೈವ್ ಓದಲು ನಿರಾಕರಿಸಿದ ಡಿಸ್ಕನ್ನು ಬೇರೊಂದು ತಯಾರಿಕೆಯ ಡ್ರೈವ್ ಓದುವುದುಂಟು. ಆದ್ದರಿಂದ ಇನ್ನೊಂದು ಯಂತ್ರದಲ್ಲಿ ಹಾಕಿ ನೋಡುವವರೆಗೆ ಡಿಸ್ಕನ್ನು ಎಸೆಯಬಾರದು.